ಬಂದೂಕಿಗೊಂದು ಬಳೆ

ನಾಲ್ಕು ಮಂದಿ ಹೆಣ್ಣುಮಕ್ಕಳು ಕೂಡಿದಲ್ಲಿ ಹೊಲಿಗೆ ಯಂತ್ರದ ಮಾತು ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಸೂಜಿ ಎಷ್ಟನೆಯ ನಂಬರಿನದು, ದಾರ ಯಾಕೆ ಪದೇ ಪದೇ ಕಡಿಯುತ್ತದೆ, ಯಾವ ಎಣ್ಣೆ ಬಿಟ್ಟರೆ ಗಾಲಿ ಹಗುರಾಗಿ ತಿರುಗುತ್ತದೆ ಎಂದು ತಾಸುಗಟ್ಟಲೆ ಮಾತಾಡಬಹುದು. ಅದೇ ಉಕ್ಕು, ಅದೇ ಎಣ್ಣೆ, ಅದೇ ಸ್ಪ್ರಿಂಗು ಇರುವ ಬಂದೂಕಿನ ಮಾತು ತೆಗೆದು ನೋಡಿ. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದ್ದೂ ಕೇಳುವಷ್ಟು ಮೌನ! ಆಮೇಲೆ ಯಾರಾದರೂ ಒಬ್ಬರು, "ಟೀಚರ್ರ, ಚಹಾ ಮಾಡ್ಲ್ಯಾ?" ಎಂದು ಎದ್ದುಹೋಗುತ್ತಾರೆ. ಕಳೆದ ಕೆಲವು ವರ್ಷಗಳಲ್ಲಿ ಹೀಗೆ ನಾನು ಬೇಕಾದಷ್ಟು ಚಹಾ ಕುಡಿದಿದ್ದೇನೆ.

ನಮ್ಮೂರು ದುಂಡಸಿ. ಶಿಗ್ಗಾಂವಿ ತಾಲೂಕು, 1997ರ ತನಕ ಧಾರವಾಡ ಜಿಲ್ಲೆ, ಆಮೇಲೆ ಹಾವೇರಿ ಜಿಲ್ಲೆ. 1956ಕ್ಕೂ ಮುಂಚೆ ಈ ಭಾಗವೆಲ್ಲ ಮುಂಬಯಿ ಸರಕಾರಕ್ಕೆ ಸೇರಿತ್ತು. ಆ ಕಾಲದಲ್ಲಿ ನಮ್ಮ ಅಜ್ಜ ಮುಂಬಯಿಯಿಂದಲೇ ಒಂದು ಬಂದೂಕು ತರಿಸಿದ್ದ. ನಮ್ಮ ಹೊಲ ಅಡವಿಯ ಅಂಚಿಗಿದೆ. ಮೊಲ, ಕಾಡುಕೋಳಿ ಹೊಡೆಯಲಿಕ್ಕೆಂದು ಅದು ಬಂತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ಬಂದೂಕು ಮಾತ್ರ ನಿಂತಲ್ಲೇ ನಿಂತುಕೊಂಡಿತು. ನಾನು ಕಂಡಂತೆ ಅದಕ್ಕೆ ಬೆಳಕು ಕಾಣುವ ಯೋಗ ಮೂರೇ ಮೂರು ಸಂದರ್ಭದಲ್ಲಿ: ಖಂಡೇಪೂಜೆಯ ದಿನ, ಲೈಸೆನ್ಸು ನವೀಕರಿಸುವ ದಿನ, ಮತ್ತು ಚುನಾವಣೆ ಬಂದಾಗ ಪೊಲೀಸ್ ಠಾಣೆಯಲ್ಲಿ ಒಪ್ಪಿಸಿ ಬರುವ ದಿನ. ಅಜ್ಜನ ನಂತರ ಅದು ಅಪ್ಪನ ಹೆಸರಿಗೆ ಬಂತು. ಅಪ್ಪ ಅದರಿಂದ ಒಂದು ಗುಬ್ಬಿಯನ್ನೂ ಹೊಡೆದವನಲ್ಲ. ಆದರೆ ವರ್ಷಕ್ಕೊಮ್ಮೆ ಕುಸುಬಿ ಎಣ್ಣೆ ಹಚ್ಚಿ, ವಿಭೂತಿ ಬಳಿದು, ಹೂವು ಏರಿಸುತ್ತಿದ್ದ. ಈ ಕುಸುಬಿ ಎಣ್ಣೆಯ ಸಂಗತಿ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಅದು ಬೆಲ್ಜಿಯಂ ದೇಶದ ಎಫ್.ಎನ್. ಕಾರ್ಖಾನೆಯ .22 ರೈಫಲ್ಲು. ಅಮೆರಿಕದ ಜಾನ್ ಬ್ರೌನಿಂಗ್ ಎಂಬ ಜಾಣ ಅದರ ನಕಾಶೆ ಹಾಕಿದ್ದು; ಆ ಮಾದರಿ ಅಲ್ಲಿ 1914ರಿಂದ ತಯಾರಾಗುತ್ತ ಬಂತು. ತೂಕ ಎರಡು ಕಿಲೋಕ್ಕಿಂತ ತುಸು ಹೆಚ್ಚು. ನಡುವೆ ತಿರುವಿದರೆ ಎರಡು ತುಂಡಾಗಿ ಪೆಟ್ಟಿಗೆಯಲ್ಲಿ ಮಲಗುತ್ತದೆ. ಹಿಂಬದಿಯ ಕಟ್ಟಿಗೆಯ ಹೊಟ್ಟೆಯೊಳಗೆ ಉದ್ದ ಕೊಳವೆ. ಕಾಡತೂಸುಗಳು ಅದರಲ್ಲಿ ಸಾಲಾಗಿ ಕೂಡುತ್ತವೆ. ಒಂದು ಗುಂಡು ಹಾರಿದ ಕೂಡಲೇ ಅದರ ಒದೆತದಿಂದಲೇ ಖಾಲಿ ಕವಚ ಹೊರಬಿದ್ದು, ಮುಂದಿನದು ತಾನಾಗಿಯೇ ಬಂದು ಕೂಡುತ್ತದೆ. ಇದಕ್ಕೇ ಸೆಮಿ ಆಟೋಮ್ಯಾಟಿಕ್ ಎನ್ನುವುದು. ಕಾಡತೂಸಾದರೂ ಎಷ್ಟರದು? ಸೀಸದ ಗುಂಡು ಎರಡೂವರೆ ಗ್ರಾಮಿನ ಆಸುಪಾಸು, ಕಾಲು ತೊಲೆಗೂ ಕಡಿಮೆ. ಅದರ ಕಿಡಿ ಹೊತ್ತುವ ಮದ್ದು ಕವಚದ ಹಿಂಬದಿಯ ಅಂಚಿನಲ್ಲಿ ಇರುತ್ತದೆ. ರೊಟ್ಟಿಯ ಅಂಚು ತಟ್ಟಿದ ಹಾಗೆ ಮೊಳೆ ಆ ಅಂಚಿಗೆ ತಟ್ಟಿದರೆ ಗುಂಡು ಹೊರಟಿತು.

ಅಪ್ಪ ತೀರಿಕೊಂಡ ಮೇಲೆ ಕಾನೂನಿನ ಪ್ರಕಾರ ಬಂದೂಕು ಠಾಣೆ ಸೇರಿತು. "ಅಲ್ಲೇ ಇರಲಿ ಬಿಡು, ಸರಕಾರಕ್ಕ ಬರೆದುಕೊಟ್ಟು ಕೈ ತೊಳಕೊಳ್ಳೂಣು" ಎಂದ ಅಣ್ಣ. ನನಗೂ ಅದರ ಮೇಲೆ ಅಂಥ ಮಮತೆಯೇನೂ ಇರಲಿಲ್ಲ. ಅಡ್ಡ ಬಂದವಳು ಅಣ್ಣನ ಮಗಳು. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದ ಹುಡುಗಿ. ಅಲ್ಲಿ ಕ್ಯಾಂಪಿನಲ್ಲಿ ಮಕ್ಕಳಿಗೆ .22 ರೈಫಲ್ ಕೊಟ್ಟು, ಮಲಗಿಸಿ, 25 ಗಜದಿಂದ ಐದು ಗುಂಡು ಹಾರಿಸಲಿಕ್ಕೆ ಕಲಿಸುತ್ತಾರೆ. ಗುಂಡು ನಡುವಿಗೇ ಬೀಳಬೇಕೆಂದೇನಿಲ್ಲ, ಐದೂ ಒಂದರ ಪಕ್ಕ ಒಂದು ಗುಂಪಾಗಿ ಬೀಳಬೇಕು. ಅಲ್ಲಿ ಅಳೆಯುವುದು ಆ ಗುಂಪಿನ ಅಗಲವನ್ನು. ಇವಳ ಐದೂ ಗುಂಡು ಒಂದು ರೂಪಾಯಿಯ ನಾಣ್ಯದಡಿ ಮುಚ್ಚಿಹೋದವಂತೆ. ಅವತ್ತಿನಿಂದ ಅವಳಿಗೆ ಹುಚ್ಚು ಹಿಡಿಯಿತು.

"ಅತ್ತಿ, ಅಜ್ಜನ ಬಂದೂಕು ನನ್ನ ಹೆಸರಿಗೆ ಮಾಡಸ್ರಿ. ಅಪ್ಪಗ ನೀವ ಹೇಳ್ರಿ" ಎಂದು ಗಂಟುಬಿದ್ದಳು.

ಅಣ್ಣ ಕೇಳಿ ನಕ್ಕ. ನಂತರ ಸಿಟ್ಟಾದ. ಹೆಣ್ಣುಮಕ್ಕಳು ರೈಫಲ್ ಹಿಡಿದು ಮಾಡುವುದೇನು ಎಂಬುದು ಅವನ ಪ್ರಶ್ನೆ. ನಾನು ಮಾಸ್ತರಿಕೆ ಮಾಡಿದವಳು. ಪ್ರಶ್ನೆಗೆ ಉತ್ತರ ಹೇಳದೆ ಬಿಡುವ ರೂಢಿ ಇಲ್ಲ. ನಮ್ಮ ಶಿಗ್ಗಾಂವಿಯ ಮೇಲೆ ಹಾಯುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲೇ ಬೆಳಗಾವಿ ದಾಟಿ ಹೋದರೆ ಸಿಗುವ ಕೊಲ್ಹಾಪುರದ ತೇಜಸ್ವಿನಿ ಸಾವಂತ ಎಂಬ ಹೆಣ್ಣುಮಗಳು 2010ರಲ್ಲಿ ಮ್ಯೂನಿಕ್ಕಿನಲ್ಲಿ ಇದೇ .22 ರೈಫಲ್ಲಿನಲ್ಲಿ, 50 ಮೀಟರು ದೂರದಿಂದ, ಮಲಗಿ ಹೊಡೆಯುವ ಪಂದ್ಯದಲ್ಲಿ 600ಕ್ಕೆ 597 ಗಳಿಸಿ ಜಗತ್ತಿಗೇ ಮೊದಲಿಗಳಾದಳು. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಏರ್ ರೈಫಲ್ ಪಂದ್ಯದ ಫೈನಲ್ ಮುಟ್ಟಿದವಳು. ಕೊಡಗಿನಲ್ಲಿ ಕೈಲ್‌ಪೊಳ್ದಿನ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ ಇಡುವಾಗ ಹೆಂಗಸರೂ ಸಾಲಿನಲ್ಲಿ ನಿಲ್ಲುತ್ತಾರೆ. ಇಷ್ಟೆಲ್ಲ ಹೇಳಿದ ಮೇಲೆ ಅಣ್ಣ, "ಅವರೆಲ್ಲ ದೊಡ್ಡವರ ಮಕ್ಕಳು" ಎಂದ. ವಾದದಲ್ಲಿ ಸೋತವರು ಹಾಗೆಯೇ ಅನ್ನುವುದು. ಕಡೆಗೆ ಒಪ್ಪಿಸಿದ್ದು ನಮ್ಮ ಅವ್ವ. "ನಿಮ್ಮಪ್ಪ ಅದನ್ನ ಹೂವು ಹಾಕಿ ಇಟ್ಟಾನ. ಯಾರರ ಒಬ್ರು ಅದರಲೆ ಏನರ ಮಾಡ್ಲಿ" ಎಂದಳು. ಎಂಬತ್ತರ ಹತ್ತಿರದ ಮುದುಕಿಯ ಮಾತಿಗೆ ಎದುರಾಡುವ ಧೈರ್ಯ ನಮ್ಮ ಅಣ್ಣನಿಗೆ ಇಲ್ಲ.

ಹಲಗಲಿಯ ಬೇಡರ ಪಾಠವನ್ನು ಎಷ್ಟೋ ವರ್ಷ ಕ್ಲಾಸಿನಲ್ಲಿ ಹೇಳಿದ್ದೇನೆ. 1857ರಲ್ಲಿ ಕುಂಪಣಿ ಸರಕಾರ ಹತಾರ ಒಪ್ಪಿಸಿರಿ ಎಂದದ್ದಕ್ಕೆ ಆ ಊರು ಬೆಂಕಿಗೆ ಸಿಕ್ಕದ್ದನ್ನು ಹೇಳುವಾಗ ಮಕ್ಕಳ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ 1878ರ ಕಾಯ್ದೆ, ಸ್ವಾತಂತ್ರ್ಯ ಬಂದ ಮೇಲೆ 1959ರ ಕಾಯ್ದೆ. ಆ ಕಾಗದದ ಹಾದಿ ಎಷ್ಟು ಉದ್ದವಿದೆ ಎಂದು ಗೊತ್ತಾದದ್ದು ಈ ಹುಡುಗಿಯ ಸಲುವಾಗಿ ತಿರುಗಿದಾಗಲೇ. ಅರ್ಜಿದಾರರಿಗೆ 21 ತುಂಬಿರಬೇಕು. ಇವಳಿಗೆ ಆಗಷ್ಟೇ ತುಂಬಿತ್ತು. ಉಳಿದ ವಾರಸುದಾರರ ಒಪ್ಪಿಗೆ ಪತ್ರ, ವೈದ್ಯರ ಪತ್ರ, ಬಂದೂಕನ್ನು ಜೋಪಾನವಾಗಿ ಬಳಸುವ ತರಬೇತಿಯ ಪತ್ರ, ಪೊಲೀಸರ ವಿಚಾರಣೆ. ಇದೆಲ್ಲ ಇರಬೇಕಾದದ್ದೇ, ನಾನು ಬೇಡ ಅನ್ನುವುದಿಲ್ಲ. ಆದರೆ ಒಂದು ಕಚೇರಿಯಲ್ಲಿ ಕೂತಿದ್ದ ಗುಮಾಸ್ತರು ಕಡತ ತಿರುವುತ್ತ, "ಟೀಚರ್ರ, ನಾಳೆ ಈಕಿ ಮದುವಿ ಆದ ಮ್ಯಾಲ ಬಂದೂಕು ಯಾರ ಮನಿಗೆ ಹೋಗತೈತ್ರಿ?" ಎಂದು ಕೇಳಿದರು. ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲದ ಪ್ರಶ್ನೆ. ನಾನು ಬಾಯಿ ತೆರೆಯುವುದರೊಳಗೆ ಹುಡುಗಿಯೇ ಹೇಳಿದಳು: "ಲೈಸೆನ್ಸು ನನ್ನ ಹೆಸರಿಲೆ ಇರತೈತ್ರಿ ಸರ. ನಾ ಎಲ್ಲಿರತೇನೋ ಅಲ್ಲಿ." ಆ ಪ್ರಶ್ನೆಗಾಗಿಯೇ ಕಡತ ಮತ್ತೆ ಎರಡು ತಿಂಗಳು ಕೂತಿತೋ, ಬೇರೆ ಕಾರಣವಿತ್ತೋ, ದೇವರಿಗೇ ಗೊತ್ತು. ಒಟ್ಟಿನಲ್ಲಿ ಒಂದು ವರ್ಷದ ಮೇಲೆ ಲೈಸೆನ್ಸು ಬಂತು.

ಇನ್ನು ಪಂದ್ಯದ ಮಾತು. ದೂರದ ಊರಿನ ಒಂದು ರೈಫಲ್ ಕ್ಲಬ್ಬಿನವರು ಹೊಸಬರಿಗೆಂದು ಒಂದು ಸಣ್ಣ ಪಂದ್ಯ ಇಟ್ಟುಕೊಂಡಿದ್ದರು. 50 ಮೀಟರು, ಮಲಗಿ, ಇಪ್ಪತ್ತು ಗುಂಡು, ಇನ್ನೂರು ಅಂಕ. ಮನೆಯ ಬಂದೂಕು ತಂದವರೂ ಸೇರಬಹುದು; ಎಂಥದೇ ಇದ್ದರೂ ಒಂದು ಸಲಕ್ಕೆ ಒಂದೇ ಕಾಡತೂಸು ತುಂಬಬೇಕು. ಗುರಿಯ ಹಾಳೆ ನೋಡಿದರೆ ನಿಮಗೆ ಎದೆ ಝಲ್ಲೆನ್ನಬೇಕು. ನಡುವಿನ ಹತ್ತರ ವರ್ತುಲದ ಅಗಲ 10.4 ಮಿಲಿಮೀಟರು. ಕುಬಸದ ಗುಂಡಿಯಷ್ಟು! ಅಲ್ಲಿಂದ ಹೊರಗೆ ಒಂದೊಂದು ವರ್ತುಲಕ್ಕೆ ಒಂದೊಂದು ಅಂಕ ಕಡಿಮೆ. ಮೊದಲ ಸಲ ಅಣ್ಣನ ಕಾರಿನಲ್ಲಿ ಹೋಗಿ ರೂಢಿಗೆಂದು ಹೊಡೆದಾಗ ಹುಡುಗಿಗೆ ಬಂದದ್ದು 97. ಎನ್‌ಸಿಸಿಯಲ್ಲಿ ನಾಣ್ಯದಡಿ ಮುಚ್ಚಿದ ಗುಂಡು ಇಲ್ಲಿ ಊಟದ ತಟ್ಟೆಯಷ್ಟು ಹರವಾಗಿ ಬಿದ್ದಿದ್ದವು. ಕಾರಿನಲ್ಲಿ ಬರುವಾಗ ಯಾರೂ ಮಾತಾಡಲಿಲ್ಲ. ಅಣ್ಣನ ಮುಖದಲ್ಲಿ ಮಾತ್ರ ಒಂದು ಸಮಾಧಾನವಿತ್ತು. ಅದು ನನಗೆ ಸೇರಲಿಲ್ಲ.

ಅಮೆರಿಕದಲ್ಲಿ ಇಂಥದೇ ಒಂದು ಸೆಮಿ ರೈಫಲ್ಲು ಇದೆ, ರೂಗರ್ 10/22 ಎಂದು. 1964ರಲ್ಲಿ ಬಂದದ್ದು. ಅಲ್ಲಿ ಹೊಸಬರು ಪಂದ್ಯಕ್ಕೆ ಹೋಗುವ ಮುಂಚೆ ಅದಕ್ಕೆ ಬೇರೆ ನಳಿಗೆ, ಬೇರೆ ಟ್ರಿಗರ್, ಬೇರೆ ಕಟ್ಟಿಗೆ, ಮೇಲೊಂದು ದುರ್ಬೀನು ಹಾಕಿಸುತ್ತಾರೆ. ಎಲ್ಲವೂ ಅಂಗಡಿಯಲ್ಲಿ ಸಿಗುತ್ತದೆ. ಕಡೆಗೆ ಕೊಂಡ ಬಂದೂಕಿನದು ನಡುವಿನ ಡಬ್ಬಿಯೊಂದೇ ಉಳಿಯುವುದೂ ಉಂಟು. ಹುಡುಗಿ ಇದನ್ನೆಲ್ಲ ಓದಿಕೊಂಡು ಒಂದು ಪಟ್ಟಿಯನ್ನೇ ಮಾಡಿದ್ದಳು. ಊರ ಕಡೆಯ ಲೇಥ್ ಅಂಗಡಿಯವನೊಬ್ಬ, "ಟ್ರ್ಯಾಕ್ಟರ್ ಸಾಮಾನು ಮಾಡತೇನಿ, ಇದೇನ್ ಮಹಾ, ತರ್ರಿ ಅಕ್ಕಾರ" ಎಂದೂ ಹೇಳಿದ. ನಮ್ಮಲ್ಲಿ ಅದು ನಡೆಯುವ ಮಾತಲ್ಲ. ಬಂದೂಕನ್ನು ರಿಪೇರಿ ಮಾಡಬೇಕಾದರೂ, ರೂಪ ಬದಲಿಸಬೇಕಾದರೂ ಅದಕ್ಕೆ ಲೈಸೆನ್ಸು ಇದ್ದವರೇ ಮಾಡಬೇಕು. ಲೇಥ್ ಅಂಗಡಿಯವನಿಗೆ ಕೊಟ್ಟರೆ ಅವನೂ ಒಳಗೆ, ನಾವೂ ಒಳಗೆ.

ಹಾಗೆ ಲೈಸೆನ್ಸು ಇದ್ದ ಒಬ್ಬ ಹಿರಿಯರು ಸಿಕ್ಕರು. ಎಪ್ಪತ್ತು ದಾಟಿದವರು. ಬಂದೂಕು ಬಿಚ್ಚಿ, ಒಳಗೆ ಇಣುಕಿ, ಮೂಸಿ ನೋಡಿ, "ಇದಕ್ಕ ಅಡಗಿ ಎಣ್ಣಿ ಹಾಕ್ಯಾರ್ ಯಾರು?" ಎಂದರು. ನಮ್ಮಪ್ಪನ ಭಕ್ತಿ ಅಲ್ಲಿ ಬಯಲಾಯಿತು. ಕುಸುಬಿ ಎಣ್ಣೆ ಗಾಳಿಗೆ ಒಣಗಿ ವಾರ್ನಿಶಿನಂತೆ ಗಟ್ಟಿಯಾಗುವ ಜಾತಿಯದು. ರೊಟ್ಟಿ ಹಂಚಿನ ಅಂಚಿಗೆ, ಒಲೆ ಹಿಂದಿನ ಗೋಡೆಗೆ ಹಿಡಿಯುವ ಆ ಅಂಟು ನಮಗೆಲ್ಲ ಗೊತ್ತಿದ್ದದ್ದೇ. ಇಷ್ಟು ವರ್ಷದ ಪೂಜೆ ಸ್ಪ್ರಿಂಗಿನ ಮೇಲೆ, ಮೊಳೆಯ ಸುತ್ತ ಹಳದಿ ಪೊರೆಯಾಗಿ ಕೂತಿತ್ತು. ಮೊಳೆ ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ತಟ್ಟಿದರೆ ಗುಂಡು ಒಂದೇ ವೇಗದಲ್ಲಿ ಹೇಗೆ ಹೋದೀತು? ಅದನ್ನೆಲ್ಲ ಕರಗಿಸಿ ತೆಗೆಯಲಿಕ್ಕೆ ಅವರಿಗೆ ಎರಡು ದಿನ ಹಿಡಿಯಿತು.

ಎರಡನೆಯದು ಬಳೆ. ಈ ಬಂದೂಕು ಎರಡು ತುಂಡಾಗುತ್ತದೆ ಎಂದೆನಲ್ಲ, ನೂರಾರು ಸಲ ಬಿಚ್ಚಿ ಕೂಡಿಸಿದರೆ ಆ ಕೀಲು ಸವೆಯುವುದು ಸಹಜ. ಬ್ರೌನಿಂಗ್ ಇದನ್ನು ಮೊದಲೇ ಯೋಚಿಸಿ, ನಳಿಗೆಯ ಬುಡಕ್ಕೆ ಹಲ್ಲು ಹಲ್ಲಾದ ಒಂದು ಬಳೆ ಇಟ್ಟಿದ್ದಾನೆ. ಸವೆದಷ್ಟೂ ಬಳೆಯನ್ನು ಒಂದೊಂದು ಹಲ್ಲು ತಿರುವಿ ಬಿಗಿ ಮಾಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ. ಹಿರಿಯರು ಬಳೆಯನ್ನು ಎರಡು ಹಲ್ಲು ತಿರುವಿ, ನಳಿಗೆ ಹಿಡಿದು ಅಲುಗಿಸಿದರು. ಟಕ್ಕೆನ್ನುವ ಸಪ್ಪಳ ಹೋಗಿತ್ತು. ಅದಕ್ಕೆ ಅವರು ತೆಗೆದುಕೊಂಡ ಕೂಲಿ ಸೊನ್ನೆ. "ಬಳಿ ಏರಿಸಿದ್ದಕ್ಕ ರೊಕ್ಕ ತಗೊಳ್ಳೂದಿಲ್ರೀ" ಎಂದು ನಕ್ಕರು.

ಹುಡುಗಿಯ ಪಟ್ಟಿಯಲ್ಲಿ ಉಳಿದವಕ್ಕೆ ಅವರು ಒಪ್ಪಲಿಲ್ಲ. ಟ್ರಿಗರ್ ಹಗುರ ಮಾಡಿರಿ ಎಂದರೆ ಆಗದು ಎಂದರು. ಸೆಮಿ ಬಂದೂಕಿನ ಟ್ರಿಗರಿನ ಹಿಡಿತ ತೀರ ಸಡಿಲಾದರೆ ಒಂದು ಗುಂಡಿನ ಒದೆತಕ್ಕೇ ಇನ್ನೊಂದು ಹಾರಿಬಿಡುವ ಅಪಾಯವುಂಟು. ಹಿಂಬದಿಯ ಕಟ್ಟಿಗೆ ಅವಳ ಕೈಗೆ ಉದ್ದವಾಗುತ್ತದೆ, ಒಂದು ಇಂಚು ಕೊಯ್ಯಿರಿ ಎಂದರೆ ಅದೂ ಆಗದು. ಒಳಗೆ ಕಾಡತೂಸಿನ ಕೊಳವೆ ಇದೆ. ಪೀಪ್ ಸೈಟ್ ಕೂಡಿಸಲಿಕ್ಕೆ ಮೇಲೆ ತೂತು ಕೊರೆಯಿರಿ ಎಂದರೆ, "ಇದರ ಮೈಮ್ಯಾಲ ತೂತು ಹಾಕಾಕ ನನಗ ಕೈ ಬರೂದಿಲ್ಲ ತಂಗಿ. ಬಂದೂಕ ಬದಲಿ ಆಗೂದಿಲ್ಲ, ನೀ ಬದಲಿ ಆಗು" ಎಂದರು.

ಇಲ್ಲಿಂದ ಮುಂದಿನದು ಹೆಂಗಸರ ಕೆಲಸವಾಯಿತು. ಮುಂದಿನ ಮೊನೆ ಬಿಸಿಲಿಗೆ ಮಿಂಚುತ್ತದೆ, ಮಿಂಚಿದ ಕಡೆಗೆ ಕಣ್ಣು ವಾಲುತ್ತದೆ, ಗುಂಡು ಅತ್ತ ಹೋಗುತ್ತದೆ ಎಂಬುದು ಅವಳ ದೂರು. ದೀಪದ ಮಸಿ ಹಚ್ಚಿದರೆ ಮಿಂಚು ಸಾಯುತ್ತದೆ ಎಂದು ಹಿರಿಯರು ಹೇಳಿದ್ದರು. ಅವ್ವ ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ ಕಾಡಿಗೆ ಹಿಡಿದಳು. ಮಕ್ಕಳ ಕಣ್ಣಿಗೆ ಹಚ್ಚುವ ಕಾಡಿಗೆಗೆ ಬೆಣ್ಣೆ ಕಲೆಸುತ್ತಾರೆ. ಇದಕ್ಕೆ ಒಣ ಮಸಿಯೇ ಬೇಕು. ಪಂದ್ಯಕ್ಕೆ ಹೋಗುವಾಗ ಕುಂಕುಮದ ಭರಣಿಯಲ್ಲಿ ಮಸಿ ತುಂಬಿಕೊಂಡು ಹೋದದ್ದು ಇವಳೊಬ್ಬಳೇ ಇರಬೇಕು.

ಕೋಟು ನನ್ನ ಪಾಲಿಗೆ ಬಂತು. ಮಲಗಿ ಹೊಡೆಯುವವರು ದಪ್ಪ ಕೋಟು ಹಾಕಬೇಕು. ಮೊಣಕೈಗೆ ನೆಲ ಒತ್ತಬಾರದು, ಎದೆಯ ಬಡಿತ ಬಂದೂಕಿಗೆ ಮುಟ್ಟಬಾರದು. ಹೊರಗಿನಿಂದ ಬರುವ ಕೋಟಿನ ಬೆಲೆ ಕೇಳಿ ನಾವು ಸುಮ್ಮನಾದೆವು. ತಾಡಪತ್ರಿ ಹೊಲಿಯುವವರಿಂದ ಕ್ಯಾನ್ವಾಸು ತಂದು, ಹದಿನೆಂಟರ ಸೂಜಿ ಹಾಕಿ, ನನ್ನ ಹಳೆಯ ಮಷಿನ್ನಿನಲ್ಲಿ ಹೊಲಿದೆ. ಮೊಣಕೈಗೆ ಎರಡು ಪದರ. ಎಡ ತೋಳಿನ ಮೇಲೆ ಒಂದು ಕೊಕ್ಕೆ, ಚರ್ಮದ ಪಟ್ಟಿ ಜಾರದಂತೆ. ಈ ಪಟ್ಟಿಯೇ ದೊಡ್ಡ ಉಪಕಾರಿ. ತೋಳಿಗೆ ಸುತ್ತಿ ಬಂದೂಕಿನ ಮುಂಭಾಗಕ್ಕೆ ಬಿಗಿದರೆ ತೂಕವನ್ನು ಸ್ನಾಯು ಹೊರುವುದಿಲ್ಲ, ಎಲುಬು ಹೊರುತ್ತದೆ. ಕೈ ನಡುಗುವುದು ನಿಲ್ಲುತ್ತದೆ. ಅಷ್ಟಾದರೂ ಹದ ಬೇಕು. ಬಂದೂಕಿನ ಮುಂದಿನ ಕಟ್ಟಿಗೆ ನಳಿಗೆಗೇ ಅಂಟಿಕೊಂಡಿರುವುದರಿಂದ ಪಟ್ಟಿ ಇವತ್ತು ಬಿಗಿ, ನಾಳೆ ಸಡಿಲು ಆದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಪಟ್ಟಿಯ ಮೇಲೆ ಪೆನ್ನಿನಿಂದ ಗೆರೆ ಹಾಕಿ, ಪ್ರತಿ ಸಲವೂ ಅದೇ ತೂತಿಗೆ ಹಾಕುವುದನ್ನು ರೂಢಿ ಮಾಡಿಕೊಂಡಳು. ಇನ್ನೊಂದು ತಮಾಷೆ ಕೇಳಿ. ಈ ಬಂದೂಕು ಖಾಲಿ ಕವಚವನ್ನು ಬದಿಗೆ ಉಗುಳುವುದಿಲ್ಲ, ಕೆಳಗೆ ಉದುರಿಸುತ್ತದೆ. ಮಲಗಿ ಹೊಡೆಯುವಾಗ ಅದು ನೇರ ತೋಳಿನೊಳಗೆ! ಮೊದಲ ದಿನ ಸುಟ್ಟ ಗುಳ್ಳೆ ಎದ್ದಿತ್ತು. ತೋಳಿನ ತುದಿಗೆ ಎಲಾಸ್ಟಿಕ್ ಹಾಕಿದ ಮೇಲೆ ಆ ಕಾಟ ತಪ್ಪಿತು.

ಕಾಡತೂಸಿನ ಆಯ್ಕೆಗೂ ತಿಂಗಳುಗಳೇ ಹೋದವು. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರು ಎಂದು ನಾವು ಕಲಿಸುತ್ತೇವೆ. ಪಂದ್ಯದ .22 ಕಾಡತೂಸುಗಳ ವೇಗ ಬೇಕೆಂದೇ ಇದರ ಕೆಳಗಿರುತ್ತದೆ. ಇದಕ್ಕಿಂತ ಜೋರಾಗಿ ಹೊರಟ ಗುಂಡು ದಾರಿಯಲ್ಲಿ ವೇಗ ಇಳಿದು ಧ್ವನಿಯ ವೇಗದ ಗಡಿಗೆ ಬಂದಾಗ ತುಸು ಅಲುಗುತ್ತದೆ. ಮೆಲ್ಲಗೆ ಹೋಗುವುದೇ ಒಳ್ಳೆಯದು ಅನ್ನೋಣವೆಂದರೆ, ತೀರ ಮೆಲ್ಲಗಾದರೆ ಸೆಮಿ ಬಂದೂಕಿಗೆ ಒದೆತ ಸಾಲದೆ ಖಾಲಿ ಕವಚ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಮೂರು ತರಹದವನ್ನು ತಂದು ಹೊಡೆದು, ನಡುವಿನದೊಂದಕ್ಕೆ ಬಂದೂಕು ಒಗ್ಗಿತು. ಲೈಸೆನ್ಸಿನಲ್ಲಿ ವರ್ಷಕ್ಕೆ ಇಷ್ಟೇ ಕಾಡತೂಸು ಎಂದು ಬರೆದಿರುವುದರಿಂದ ಒಂದೊಂದನ್ನೂ ಲೆಕ್ಕವಿಟ್ಟೇ ಹಾರಿಸಬೇಕು. ಹಾಗಾಗಿ ಮನೆಯಲ್ಲಿ ಖಾಲಿ ಹೊಡೆತದ ರೂಢಿ. ಅಂಚಿಗೆ ತಟ್ಟುವ ಬಂದೂಕನ್ನು ಪೂರ್ತಿ ಬರಿದಾಗಿಸಿ ಟ್ರಿಗರ್ ಎಳೆದರೆ ಮೊಳೆ ಹೋಗಿ ನಳಿಗೆಯ ಬಾಯಿಗೇ ಬಡಿದು ಅಂಚು ಕೆಡುತ್ತದೆ. ಅದಕ್ಕೆ ಒಂದು ಖಾಲಿ ಕವಚ ಇಟ್ಟುಕೊಳ್ಳಬೇಕು. ಕೋಣೆಯೊಳಗೆ ಒಂದೂ ಜೀವಂತ ಕಾಡತೂಸು ಇಲ್ಲವೆಂದು ಎರಡು ಸಲ ನೋಡಿ, ಗೋಡೆಗೆ ಒಂದು ಕರಿ ಚುಕ್ಕಿ ಅಂಟಿಸಿ, ಸಂಜೆ ಅರ್ಧ ತಾಸು ಮಲಗಿ ಉಸಿರು ಹಿಡಿದು ಎಳೆಯುತ್ತಿದ್ದಳು. ಮುಂದಿನ ಮೊನೆ ಅಲುಗದೆ ಟ್ರಿಗರ್ ಬಿತ್ತೋ ಇಲ್ಲವೋ ಎಂಬುದೇ ಪರೀಕ್ಷೆ. ಕೆಲವು ದಿನ ನಾನು ಮೊನೆಯ ತುದಿಯಲ್ಲಿ ಎಂಟಾಣೆಯ ಹಳೆಯ ನಾಣ್ಯ ಇಡುತ್ತಿದ್ದೆ. ಮೊದಮೊದಲು ಠಣ್ಣೆಂದು ಬೀಳುತ್ತಿತ್ತು. ಎರಡು ತಿಂಗಳ ನಂತರ ಬೀಳುವುದು ನಿಂತಿತು.

ಪಂದ್ಯದ ದಿನದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಗಾಳಿ ಇತ್ತು. ಉಳಿದವರ ಹತ್ತಿರ ಪೀಪ್ ಸೈಟಿನ, ಕಟ್ಟಿಗೆ ಹಿಂದೆ ಮುಂದೆ ಸರಿಸಬಹುದಾದ ಭಾರವಾದ ರೈಫಲ್ಲುಗಳಿದ್ದವು. ಇವಳದು ಅವುಗಳ ಮುಂದೆ ಆಟಿಗೆಯಂತೆ ಕಂಡಿತು. ಇಪ್ಪತ್ತು ಗುಂಡಿಗೆ 151 ಬಂತು. ಹದಿನಾಲ್ಕು ಮಂದಿಯಲ್ಲಿ ಆರನೆಯವಳು. ಅಣ್ಣ ಹಾಳೆಯನ್ನು ಇಸಿದುಕೊಂಡು ತೂತುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದ. ಮನೆಗೆ ಬಂದ ಮೇಲೆ ಅವನೇ ಅವ್ವನಿಗೆ, "97 ಇದ್ದದ್ದು 151 ಮಾಡ್ಯಾಳ" ಎಂದ. ಗಿರಣಿಯಲ್ಲೂ ಹೇಳಿದನಂತೆ.

ಇದೇ ಬಂದೂಕಿನಿಂದ ಅವಳು ಇನ್ನು ಮುಂದೆ ಹೋಗುವಂತಿಲ್ಲ. ಅಂತರರಾಷ್ಟ್ರೀಯ ನಿಯಮದ 50 ಮೀಟರು ಪಂದ್ಯಗಳಿಗೆ ಒಂದೊಂದೇ ಗುಂಡನ್ನು ಕೈಯಿಂದ ತುಂಬುವ ರೈಫಲ್ಲೇ ಬೇಕು. ಸೆಮಿಗೆ ಅಲ್ಲಿ ಜಾಗವಿಲ್ಲ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆ, ಆತನೂ ಕೊಲ್ಹಾಪುರ ಜಿಲ್ಲೆಯವನೇ, ಹೊಡೆದದ್ದು ಅಂಥ ರೈಫಲ್ಲಿನಿಂದಲೇ. ಇವಳು ಈಗ ಕ್ಲಬ್ಬಿನ ಹಳೆಯದೊಂದು ಬೋಲ್ಟ್ ರೈಫಲ್ಲನ್ನು ಬಾಡಿಗೆಗೆ ಹಿಡಿದು ರೂಢಿ ಮಾಡುತ್ತಿದ್ದಾಳೆ. ಬಂದೂಕು ಮನೆಯಲ್ಲಿದೆ, ಬಳೆ ಬಿಗಿಯಾಗಿದೆ, ಅದಕ್ಕೆ ಹಚ್ಚಲಿಕ್ಕೆ ಮಷಿನ್ನಿನ ಎಣ್ಣೆ ಬಂದಿದೆ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷವಾಗಿದೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ತರುವವಳು ಈಗ ಅವಳೇ.

ನನಗೆ ಮತ್ತೊಂದು ಕೋಟಿನ ಕೆಲಸ ಬಿದ್ದಿದೆ. ದೊಡ್ಡ ಪಂದ್ಯಗಳಲ್ಲಿ ಕೋಟಿನ ಬಟ್ಟೆಯ ದಪ್ಪವನ್ನೂ ಅಳೆಯುತ್ತಾರೆ. ಒಂದು ಪದರಕ್ಕೆ 2.5 ಮಿಲಿಮೀಟರಿಗಿಂತ ಹೆಚ್ಚು ಇರಕೂಡದು. ನಾನು ಹಿಂದೆ ಹೊಲಿದದ್ದು ಮೊಣಕೈಯಲ್ಲಿ ಎಷ್ಟು ದಪ್ಪವಿದೆಯೋ ನೋಡಬೇಕು. ಹೋದ ವಾರ ನಮ್ಮ ಶಾಲೆಯ ವಿಜ್ಞಾನದ ಮಾಸ್ತರ ಹತ್ತಿರ ಸ್ಕ್ರೂಗೇಜು ಇಸಿದುಕೊಂಡು ಹುಬ್ಬಳ್ಳಿಯ ಬಟ್ಟೆ ಅಂಗಡಿಗೆ ಹೋದೆ. ಕ್ಯಾನ್ವಾಸಿನ ಒಂದೊಂದು ಥಾನನ್ನೂ ಸ್ಕ್ರೂಗೇಜಿನಲ್ಲಿ ಹಿಡಿದು ನೋಡುತ್ತಿದ್ದರೆ ಅಂಗಡಿಯ ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಯಾವ ಕಂಪನಿಯಿಂದ ಬಂದೀರಿ ಮೇಡಮ್?" ಎಂದು ಕೇಳಿದ. ಎರಡು ಮೀಟರು ಹರಿಸಿಕೊಂಡು ಬಂದಿದ್ದೇನೆ. ದಸರೆಯ ರಜೆಯೊಳಗೆ ಮುಗಿಸಬೇಕು.